ಒಲೆದೇವರ ಕಾಗದದ ಕುದುರೆ

ಅದು ಶುರುವಾದದ್ದು ಮೆಲ್ಬರ್ನಿನ ಬೇಸಿಗೆಯಲ್ಲಿ, ಜನವರಿಯ ಒಂದು ಬೆಳಗ್ಗೆ ಆರು ಗಂಟೆಗೆ. ಬಿಸಿಲು ಇನ್ನೂ ಪಕ್ಕದ ಮನೆಯ ಬೇಲಿ ದಾಟಿರಲಿಲ್ಲ. ನನ್ನ ಹೆಂಡತಿ ಥಾಮ್ ಒಲೆಯ ಮುಂದೆ ನಿಂತು ಶುಂಠಿ ಸುಡುತ್ತಿದ್ದಳು. ನಮ್ಮ ಮನೆಯ ಎಲುಬಿನ ಸಾರಿಗೆ ಹಸಿ ಶುಂಠಿ ಹಾಕುವುದಿಲ್ಲ. ಬೆಂಕಿಯ ಮೇಲೆ ಹಿಡಿದು, ಸಿಪ್ಪೆ ಕಪ್ಪಾಗಿ ಸಿಡಿಯುವ ತನಕ ಸುಟ್ಟು, ಕೆರೆದು ಹಾಕಬೇಕು. ನಾನು ಮೇಜಿನ ಹತ್ತಿರ ಕೂತು ಸೊಪ್ಪು ಬಿಡಿಸುತ್ತಿದ್ದೆ. ಸೊಸೆ ಲಿಯೂ ವೃದ್ಧರನ್ನು ನೋಡಿಕೊಳ್ಳುವ ಆಶ್ರಮದಲ್ಲಿ ರಾತ್ರಿಪಾಳಿ ಮುಗಿಸಿ ಆಗಷ್ಟೇ ಬಂದಿದ್ದಳು. ಚೀಲವನ್ನೂ ಕೆಳಗಿಡದೆ ಬಾಗಿಲಲ್ಲೇ ನಿಂತು ಹೇಳಿದಳು.

"ಅಮ್ಮಾ, ಈ ಗ್ಯಾಸನ್ನ ಪೂರ್ತಿ ತೆಗೆಸಿಬಿಡೋಣ."

ಥಾಮ್ ತಿರುಗಿ ನೋಡಲಿಲ್ಲ. "ಯಾವ ಗ್ಯಾಸು?"

"ಈ ಒಲೇದು. ಹೀಟರ್ ಬದಲಾಯಿಸಿದ್ವಿ, ಬಿಸಿನೀರೂ ಕರೆಂಟಿಗೆ ಬಂತು. ಇನ್ನು ಒಲೆ ಒಂದಕ್ಕೋಸ್ಕರ ಬೀದಿಯಿಂದ ಪೈಪು ಯಾಕೆ? ಹೇಳಿದ್ರೆ ಬಂದು ಮೀಟರೇ ಕಿತ್ಕೊಂಡು ಹೋಗ್ತಾರೆ."

"ಒಲೆ ಒಂದಕ್ಕೋಸ್ಕರ ಅಂತೆ. ಮನೇಲಿ ಇರೋದೇ ಒಂದು ಒಲೆ ಕಣೇ. ಎರಡು ಇಟ್ಕೊಂಡಿರೋರು ಯಾರು?" ಎಂದಳು ಥಾಮ್. ಆಮೇಲೆ ಕೈಲಿದ್ದ ಇಕ್ಕಳವನ್ನು ಎತ್ತಿ ಒಲೆಯ ಮೇಲಿನ ಗೋಡೆ ತೋರಿಸಿದಳು. "ಬೆಂಕಿ ತೆಗೆದ್ರೆ ಅವನು ಎಲ್ಲಿ ಕೂರ್ತಾನೆ? ನಿನ್ನ ತಲೆ ಮೇಲಾ?"

ಅಲ್ಲಿ ಕೆಂಪು ಬಣ್ಣದ ಪುಟ್ಟ ಹಲಗೆ ಇತ್ತು. ಅದರ ಮೇಲೆ ಒಲೆದೇವರು. ನಮ್ಮವರಲ್ಲಿ ಒಲೆ ಇದ್ದಲ್ಲೆಲ್ಲ ಅವನು ಇದ್ದೇ ಇರುತ್ತಾನೆ. ವರ್ಷಪೂರ್ತಿ ಅಲ್ಲೇ ಕೂತು, ಮನೆಯವರು ಏನು ಬೇಯಿಸಿದರು, ಯಾರು ಯಾರನ್ನು ಬೈದರು, ಎಲ್ಲ ಕೇಳಿಸಿಕೊಳ್ಳುತ್ತಾನೆ. ಚಂದ್ರನ ಲೆಕ್ಕದ ಹನ್ನೆರಡನೇ ತಿಂಗಳ ಇಪ್ಪತ್ಮೂರಕ್ಕೆ ಕುದುರೆ ಹತ್ತಿ ಮೇಲಿನ ಲೋಕಕ್ಕೆ ಹೋಗಿ ವರದಿ ಒಪ್ಪಿಸುತ್ತಾನೆ. ವರ್ಷದ ಕೊನೆಯ ರಾತ್ರಿ ತಿರುಗಿ ಬರುತ್ತಾನೆ. ಅವನ ಕುದುರೆ ಅಂಗಡಿಯಲ್ಲಿ ಸಿಗುತ್ತದೆ. ತೆಳು ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ಅಚ್ಚಾದ ಕುದುರೆ, ಪಕ್ಕದಲ್ಲೊಂದು ಹಾರುವ ಕೊಕ್ಕರೆ. ಅದನ್ನು ಸುಟ್ಟರೆ ಕುದುರೆ ಹೊರಟಿತು ಎಂದು ಅರ್ಥ.

ಲಿಯೂ ಮೆಲ್ಲಗೆ ಹೇಳಿದಳು, "ನಾನು ದೇವರನ್ನ ತೆಗೀರಿ ಅನ್ಲಿಲ್ಲ ಅಮ್ಮಾ."

"ಕುರ್ಚಿ ತೆಗೀತೀನಿ, ಕೂತಿರೋರು ಕೂತಿರ್ಲಿ ಅಂದ ಹಾಗಾಯ್ತು. ನೋಡು, ಈ ಬೆಂಕಿ ಹೋದ ದಿನ ನಾನೂ ಹೋಗ್ತೀನಿ. ಸ್ಪ್ರಿಂಗ್‌ವೇಲಲ್ಲಿ ನನ್ನ ತಂಗಿ ಇದಾಳೆ. ಅವಳ ಮನೇಲಿ ನಾಲ್ಕು ಉರಿ ಒಲೆ ಇದೆ."

ಲಿಯೂ ನನ್ನ ಕಡೆ ನೋಡಿದಳು. ನಾನು ಸೊಪ್ಪಿನ ಕಡೆ ನೋಡಿದೆ.

"ಅವರನ್ನೇನು ನೋಡ್ತೀಯಾ," ಎಂದಳು ಥಾಮ್. "ಬಾಯಿ ಬಿಟ್ರೆ ಹಲ್ಲು ಉದುರ್ತವೆ ಅಂತ ಐವತ್ತು ವರ್ಷದಿಂದ ಹೀಗೇ ಕೂತಿದಾರೆ."

ಗ್ಯಾಸಿನ ಮಾತು ಎಲ್ಲಿಂದ ಬಂತೆಂದು ಅವಳಿಗೂ ಗೊತ್ತಿತ್ತು. ಅದು ಹಿಂದಿನ ಚಳಿಗಾಲದ್ದು. ಮೊಮ್ಮಗಳಿಗೆ ಎಂಟು ವರ್ಷ. ಮನೆಯಲ್ಲಿ ಅವಳನ್ನು ಮೀತ್ ಎಂದು ಕರೆಯುತ್ತೇವೆ. ಮೀತ್ ಎಂದರೆ ಹಲಸಿನಹಣ್ಣು. ಹುಟ್ಟಿದಾಗ ತಲೆಗೂದಲು ಹಲಸಿನ ಮುಳ್ಳಿನ ಹಾಗೆ ನೆಟ್ಟಗೆ ನಿಂತಿದ್ದರಿಂದ ಆ ಹೆಸರಾಯಿತು. ಹುಡುಗಿಗೆ ಉಬ್ಬಸ. ಆಗಸ್ಟ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಎಲ್ಲರೂ ಗಂಜಿ ಕುಡಿಯುತ್ತಿದ್ದಾಗ, ಅವಳು ಚಮಚ ಕೆಳಗಿಟ್ಟು ಎರಡೂ ಕೈ ಮೇಜಿಗೆ ಊರಿ ಕೂತಳು. ಭುಜ ಏರಿ ಏರಿ ಇಳಿಯುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ತುಟಿಯ ಬಣ್ಣ ನೋಡಿ ನನ್ನ ಮಗ ತ್ವಾನ್ ಅವಳನ್ನು ಎತ್ತಿಕೊಂಡು ಕಾರಿಗೆ ಓಡಿದ. ಅವನು ಬಸ್ ಚಾಲಕ. ಎಂದೂ ಜೋರಾಗಿ ಓಡಿಸದವನು ಅವತ್ತು ಓಡಿಸಿದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದ ಮೊದಲ ಮಾತು ಮನೆಯನ್ನು ಹೇಗೆ ಬೆಚ್ಚಗಿಡುತ್ತೀರಿ ಎಂದು. ಎರಡನೆಯದು ಯಾವ ಒಲೆ ಎಂದು. ಹೀಟರ್ ಗೋಡೆಯಲ್ಲಿತ್ತು. ತ್ವಾನ್ ತೊಟ್ಟಿಲಲ್ಲಿದ್ದಾಗ ಹಾಕಿಸಿದ್ದು. ಅದರ ಬೆಂಕಿ ಕೋಣೆಯ ಗಾಳಿಯನ್ನೇ ತಿಂದು, ಸುಟ್ಟ ಗಾಳಿಯನ್ನು ಕೋಣೆಗೇ ಬಿಡುತ್ತಿತ್ತು. ಸಾಲದ್ದಕ್ಕೆ ಥಾಮ್ ಚಳಿ ಬರಬಾರದೆಂದು ಪ್ರತಿ ಬಾಗಿಲ ಸಂದಿಗೂ ಹಳೆ ಟವೆಲ್ ಸುತ್ತಿ ಸಿಕ್ಕಿಸುತ್ತಿದ್ದಳು. ಡಾಕ್ಟರಮ್ಮ ಆಸ್ತಮಾ ಒಂದೇ ಕಾರಣದಿಂದ ಬರುವುದಲ್ಲ, ಆದರೂ ಉರಿ ಕಡಿಮೆಯಾದಷ್ಟೂ ಒಳ್ಳೆಯದು ಎಂದರು.

ಹದಿನೈದು ದಿನದಲ್ಲಿ ಗೋಡೆಯ ಹೀಟರ್ ಹೋಗಿ ಹೊಸ ಯಂತ್ರ ಬಂತು. ಅದರ ಒಂದು ಪೆಟ್ಟಿಗೆ ಹೊರಗೆ, ನಿಂಬೆಗಿಡದ ಪಕ್ಕದಲ್ಲಿ. ಇನ್ನೊಂದು ಒಳಗೆ, ಸೂರಿನ ಹತ್ತಿರ. ಮೊದಲ ದಿನ ನಾನು ಮುಕ್ಕಾಲಿ ತೆಗೆದುಕೊಂಡು ಹೊರಗಿನ ಪೆಟ್ಟಿಗೆಯ ಮುಂದೆ ಕೂತೆ. ಹುಲ್ಲಿನ ಮೇಲೆ ಬಿಳಿ ಇಬ್ಬನಿ ಗಟ್ಟಿಯಾಗಿತ್ತು. ಪೆಟ್ಟಿಗೆ ಊದುತ್ತಿದ್ದ ಗಾಳಿ ಅದಕ್ಕಿಂತ ತಣ್ಣಗಿತ್ತು. ಒಳಗೆ ಹೋದರೆ ಅಂಗಿ ಬಿಚ್ಚುವಷ್ಟು ಬೆಚ್ಚಗೆ. ಮತ್ತೆ ಹೊರಗೆ ಬಂದು ಕೈ ಒಡ್ಡಿದೆ.

"ತಾತ, ಚಳಿ ಒಳಗೂ ಶಾಖ ಇರತ್ತೆ," ಎಂದಳು ಮೀತ್, ಕಂಬಳಿ ಹೊದ್ದು ನನ್ನ ಪಕ್ಕ ಬಂದು ನಿಂತು. "ಅದನ್ನ ಹಿಂಡಿ ಒಳಗೆ ಕಳಿಸತ್ತೆ. ಸ್ಕೂಲಲ್ಲಿ ಹೇಳಿದ್ರು."

"ಇಷ್ಟು ಚಳಿಯಲ್ಲೂ?"

"ಇದಕ್ಕಿಂತ ಜಾಸ್ತಿ ಚಳೀಲೂ."

ನಾನು ಇಬ್ಬನಿಯ ಹುಲ್ಲನ್ನು ನೋಡುತ್ತ ಬಹಳ ಹೊತ್ತು ಕೂತಿದ್ದೆ. ಅದರೊಳಗೆ ನಮಗೆ ಸಾಕಾಗುವಷ್ಟು ಶಾಖ ಮೊದಲಿನಿಂದಲೂ ಇತ್ತಂತೆ.

ಹೀಟರ್ ಹೋದದ್ದಕ್ಕೆ ಥಾಮ್ ಒಂದು ಮಾತೂ ಆಡಿರಲಿಲ್ಲ. ಒಲೆಯ ಮಾತೇ ಬೇರೆ.

ಅವಳ ಒಲೆಗಳನ್ನೆಲ್ಲ ನಾನು ನೋಡಿದ್ದೇನೆ. ಮದುವೆಯಾದ ಹೊಸದರಲ್ಲಿ ನಮ್ಮೂರಲ್ಲಿ, ಸಾ ದೆಕ್ ಹತ್ತಿರದ ಕಾಲುವೆಯ ದಂಡೆಯಲ್ಲಿ, ಭತ್ತದ ಹೊಟ್ಟು ಸುರಿದು ಉರಿಸುವ ಒಲೆ. ಅವಳ ತಾಯಿ ಅದರ ಮುಂದೆ ಕೂತು ಕೂತು ಕಣ್ಣು ಸದಾ ಕೆಂಪಗೆ. ಆಮೇಲೆ ದೇಶ ಬಿಟ್ಟು ದೋಣಿ ಹತ್ತಿ ಮಲೇಷ್ಯಾದ ದ್ವೀಪಕ್ಕೆ ಬಂದು ಬಿದ್ದಾಗ ಮೂರು ಕಲ್ಲಿನ ಒಲೆ. ಅಲ್ಲಿ ಸೌದೆ ಇರಲಿಲ್ಲ. ನಮ್ಮನ್ನು ಹೊತ್ತು ತಂದ ದೋಣಿ ದಡದಲ್ಲಿ ಒಡೆದು ಬಿದ್ದಿತ್ತು. ಅದರ ಹಲಗೆಯನ್ನೇ ಸೀಳಿ ಉರಿಸಿ ಅನ್ನ ಮಾಡಿದೆವು. ಉಪ್ಪು ಕುಡಿದ ಮರ, ಹಸಿರು ಬಣ್ಣದಲ್ಲಿ ಉರಿಯುತ್ತಿತ್ತು.

ಆಮೇಲೆ ಮೆಲ್ಬರ್ನ್. ಸೇಂಟ್ ಆಲ್ಬನ್ಸಿನ ಈ ಮನೆಗೆ ಬಂದ ದಿನ ಥಾಮ್ ಒಲೆಯ ಗುಂಡಿ ತಿರುಗಿಸಿದಳು. ಸೌದೆಯಿಲ್ಲ, ಹೊಗೆಯಿಲ್ಲ, ಗೋಡೆಯೊಳಗಿಂದ ನೀಲಿ ಬೆಂಕಿ ಹೂವಿನ ಹಾಗೆ ಅರಳಿತು. ಅವಳು ಹಿಂದಕ್ಕೆ ಸರಿದು ಅದಕ್ಕೆ ಕೈಮುಗಿದಳು. ಮಾರನೇ ದಿನವೇ ನನ್ನ ಕೈಲಿ ಕೆಂಪು ಹಲಗೆ ಹೊಡೆಸಿದಳು. ಅಂದಿನಿಂದ ಪ್ರತಿ ವರ್ಷ ದೇವರ ಕುದುರೆಯನ್ನು ಆ ಒಲೆಯ ಉರಿಯಲ್ಲೇ ಹಚ್ಚುತ್ತಿದ್ದಳು. ಕಡ್ಡಿ ಗೀರುತ್ತಿರಲಿಲ್ಲ. ಅವನ ಕುದುರೆಗೆ ಅವನ ಒಲೆಯ ಬೆಂಕಿಯೇ ಆಗಬೇಕು, ಬೇರೆ ಬೆಂಕಿಯಿಂದ ಹೊರಟರೆ ದಾರಿ ತಪ್ಪುತ್ತಾನೆ ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು.

ಜನವರಿಯ ನಡುವೆ ತ್ವಾನ್ ಹೊಸ ಒಲೆ ತಂದ. ಕಪ್ಪು ಗಾಜಿನ ಹಲಗೆಯಂಥದ್ದು. ಅಂಗಡಿಯವರು ಬಂದು ಕೂರಿಸುವ ಮೊದಲು ಅಭ್ಯಾಸವಾಗಲಿ ಎಂದು ಅದೇ ಥರದ ಒಂದು ಚಿಕ್ಕ ಒಲೆಯನ್ನು ಮೇಜಿನ ಮೇಲಿಟ್ಟ.

"ಅಮ್ಮಾ, ಇಲ್ಲಿ ಬೆರಳಿಡು. ಅಷ್ಟೇ. ನೀರು ಕಾಯತ್ತೆ."

"ಬೆಂಕಿ ಎಲ್ಲಿ?"

"ಬೆಂಕಿ ಇಲ್ಲ. ಪಾತ್ರೆಯೇ ಬಿಸಿಯಾಗತ್ತೆ."

"ಹಾಗಾದ್ರೆ ಒಲೆ ಏನು ಮಾಡತ್ತೆ, ನಿನ್ನ ಹಾಗೆ ಪಕ್ಕದಲ್ಲಿ ನಿಂತು ಸಲಹೆ ಕೊಡತ್ತಾ?"

ಅವಳು ತನ್ನ ಮಣ್ಣಿನ ಗಡಿಗೆ ತಂದು ಅದರ ಮೇಲಿಟ್ಟಳು. ಬೆಲ್ಲದ ಪಾಕದಲ್ಲಿ ಮೀನು ಬೇಯಿಸುವ ಗಡಿಗೆ, ಹೊರಗೆಲ್ಲ ತಂತಿ ಸುತ್ತಿದ್ದು. ಒಲೆ ಮೂರು ಸಲ ಕೀಂಗುಟ್ಟಿ ಸುಮ್ಮನಾಯಿತು.

"ಮಣ್ಣು ಆಗಲ್ಲ ಅಮ್ಮಾ, ಕಬ್ಬಿಣ, ಸ್ಟೀಲು ಇಂಥದ್ದೇ ಬೇಕು," ಎಂದ ತ್ವಾನ್.

"ನನ್ನ ಗಡಿಗೆ ಇದಕ್ಕೆ ಮೈಲಿಗೆ." ಅವಳು ಗಡಿಗೆಯನ್ನು ಗ್ಯಾಸಿನ ಉರಿಗೆ ವರ್ಗಾಯಿಸಿ ಮೀನು ಜೋಡಿಸತೊಡಗಿದಳು. "ನನ್ನನ್ನೂ ಇಟ್ಟು ನೋಡು, ಕೀಂಗುಟ್ಟತ್ತೇನೋ."

ಮೀತ್ ಜೋರಾಗಿ ನಕ್ಕಳು. ನಗುತ್ತ ಕೆಮ್ಮು ಬಂತು. ಕೂಡಲೇ ಕುರ್ಚಿಯಿಂದ ಇಳಿದು ಹಿತ್ತಿಲಿಗೆ ಓಡಿದಳು. ಕೆಮ್ಮು ಬಂದಾಗಲೆಲ್ಲ ಹೊರಗೆ ಹೋಗುವುದನ್ನು ಅವಳು ಆ ವಾರ ಕಲಿತಿದ್ದಳು. ಅಡುಗೆಮನೆಯಲ್ಲಿ ಕೆಮ್ಮಿದರೆ ಅಮ್ಮ ಅಜ್ಜಿಯ ಮುಖ ನೋಡುತ್ತಿದ್ದಳು, ಅಜ್ಜಿ ಅಮ್ಮನ ಮುಖ ನೋಡುತ್ತಿದ್ದಳು. ಅದಕ್ಕೆ ನಿಂಬೆಗಿಡದ ಹಿಂದೆ ನಿಂತು, ಅಂಗಿಯ ತೋಳನ್ನು ಬಾಯಿಗೆ ಒತ್ತಿ ಕೆಮ್ಮುತ್ತಿದ್ದಳು.

ಥಾಮ್ ಕಿಟಕಿಯಿಂದ ಅದನ್ನು ನೋಡಿದಳು. ಮೀನಿನ ಉರಿ ಆರಿಸಿದಳು. ಮನೆಯ ಕಿಟಕಿಗಳನ್ನೆಲ್ಲ ಒಂದೊಂದಾಗಿ ತೆರೆದು ಬಂದಳು. ಆಮೇಲೆ ಉರಿ ಮತ್ತೆ ಹಚ್ಚಿದಳು. ಅವತ್ತು ಮೀನು ತಡವಾಗಿ ಬೆಂದಿತು.

ಜನವರಿಯ ಕೊನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ತ್ವಾನ್ ದಿನ ಹೇಳಿದ.

"ಫೆಬ್ರವರಿ ಆರು, ಶುಕ್ರವಾರ. ಗ್ಯಾಸಿನೋರು ಬರ್ತಾರೆ."

ಥಾಮ್ ಗೋಡೆಯ ಕ್ಯಾಲೆಂಡರ್ ಕಡೆ ನೋಡಿದಳು. ನಮ್ಮ ಕಿರಾಣಿ ಅಂಗಡಿಯವರು ಕೊಡುವುದು, ಎರಡು ಲೆಕ್ಕದ ತಾರೀಖೂ ಅದರಲ್ಲಿರುತ್ತದೆ. "ಆರು ಅಂದ್ರೆ ನಮ್ಮ ಹತ್ತೊಂಬತ್ತು. ಇಪ್ಪತ್ಮೂರಕ್ಕೆ ಅವನು ಹೊರಡ್ಬೇಕು. ಹೊರಡೋ ವಾರದಲ್ಲೇ ಕಾಲ ಕೆಳಗಿನ ಬೆಂಕಿ ಕಿತ್ಕೊಂಡ್ರೆ, ಮೇಲೆ ಹೋಗಿ ನಿಮ್ಮ ಬಗ್ಗೆ ಏನು ಹೇಳ್ತಾನೆ?"

"ತ್ವಾನ್ ಅನ್ನೋ ಡ್ರೈವರು ಸಿಗ್ನಲ್ ಹಾರಿಸಲ್ಲ ಅಂತ ಹೇಳ್ಲಿ."

"ನಿನ್ನ ಸುದ್ದಿ ಅವನಿಗೆ ಒಂದು ಉಸಿರಿಗೆ ಮುಗಿಯತ್ತೆ. ದಿನ ಬದಲಾಯಿಸು."

"ಕೇಳಿದ್ವಿ ಅಮ್ಮಾ," ಎಂದಳು ಲಿಯೂ. "ಇದು ಬಿಟ್ರೆ ಮೇ ತಿಂಗಳು ಅಂದ್ರು. ಮೇ ಅಂದ್ರೆ ಚಳಿ. ಕಿಟಕಿ ಮುಚ್ತೀವಿ. ಆಮೇಲೆ ಮೀತ್..."

"ಮಾತೆತ್ತಿದ್ರೆ ಮೀತ್ ಅಂತ ನನ್ನ ಬಾಯಿ ಮುಚ್ಚಿಸ್ಬೇಡ. ಹೊಟ್ಟಿನ ಹೊಗೆಯಲ್ಲಿ ಇಬ್ಬರು ಹೆಣ್ಣುಮಕ್ಕಳನ್ನ ಸಾಕಿದೀನಿ ನಾನು. ಈಗ ಪರ್ತ್ ಊರಲ್ಲಿ ಗಟ್ಟಿಮುಟ್ಟಾಗಿದಾರೆ ಇಬ್ರೂ."

"ಅವರು ಗಟ್ಟಿ ಇದ್ರು, ಇವಳು ಇಲ್ಲ. ಆಸ್ಪತ್ರೆಯಲ್ಲಿ ಮೂಗಿಗೆ ಕೊಳವೆ ಹಾಕ್ದಾಗ ಪಕ್ಕದಲ್ಲಿ ಕೂತಿದ್ದೋಳು ನಾನಮ್ಮಾ."

"ನಾನು ಎಲ್ಲಿದ್ದೆ?" ಥಾಮ್ ಚಾಪ್‌ಸ್ಟಿಕ್ ಕೆಳಗಿಟ್ಟಳು. ಅವಳ ದನಿ ಏರಲಿಲ್ಲ, ಇಳಿಯಿತು. "ತೀರಿಹೋದ ದೊಡ್ಡವರ ಪಟದ ಮುಂದಿನ ಊದುಬತ್ತಿ ಪಾತ್ರೆ ಈಗ ಎಲ್ಲಿದೆ ನೋಡಿದ್ಯಾ? ಹಿತ್ತಿಲಲ್ಲಿದೆ. ನಮ್ಮಪ್ಪ ಅಮ್ಮನ್ನ ಮಳೇಲಿ ನಿಲ್ಸಿದೀನಿ. ಹುಡುಗೀಗೆ ಹೊಗೆ ಆಗಲ್ಲ, ತೆಗೀರಿ ಅಂತ ನೀನು ಹೇಳಿದ್ಯಾ? ಇವನು ಹೇಳಿದ್ನಾ? ಯಾರೂ ಹೇಳ್ಲಿಲ್ಲ."

ಲಿಯೂ ಬಾಯಿಗೆ ಕೈ ಇಟ್ಟುಕೊಂಡಳು. ಅವಳು ಅದನ್ನು ಗಮನಿಸಿರಲಿಲ್ಲ. ತ್ವಾನ್ ಕೂಡ ಗಮನಿಸಿರಲಿಲ್ಲ.

ಆಗ ನಾನು ಮಾತಾಡಿದೆ. "ನಿಮ್ಮಮ್ಮಂಗೂ ಕೆಮ್ಮಿತ್ತು," ಎಂದೆ.

"ಅದು ಕಾಲುವೆಯ ಶೀತ."

"ಒಲೆ ಮುಂದೆ ಕೂತಾಗ ಬರ್ತಿತ್ತು. ಕೊನೇ ವರ್ಷ ಅವರನ್ನ ಜಗುಲಿ ಮೇಲೆ ಮಲಗಿಸಿದ್ವಿ. ಅಲ್ಲಿ ನಿದ್ದೆ ಮಾಡ್ತಿದ್ರು."

ಥಾಮ್ ನನ್ನ ಮುಖವನ್ನು ಹೊಸದಾಗಿ ನೋಡುವಂತೆ ನೋಡಿದಳು. ಎದ್ದು ಬಟ್ಟಲುಗಳನ್ನು ಎತ್ತಿದಳು. ನಾವು ಇನ್ನೂ ಉಣ್ಣುತ್ತಿದ್ದ ಬಟ್ಟಲುಗಳನ್ನೂ ಎತ್ತಿಕೊಂಡು ಹೋಗಿ ತೊಳೆದಳು.

ಬೆಳಗ್ಗೆ ಎದ್ದಾಗ ಕೋಣೆಯ ಬಾಗಿಲಲ್ಲಿ ಅವಳ ಚೆಕ್ಸ್ ಚೀಲ ತುಂಬಿ ನಿಂತಿತ್ತು. ಫೋನಿನಲ್ಲಿ ತಂಗಿಯ ಜೊತೆ ಮಾತಾಡುತ್ತಿದ್ದಳು. "ಇಪ್ಪತ್ಮೂರಕ್ಕೆ ಸಂಜೆ ನಿನ್ನ ಮಗ ಕಿಯೆತ್‌ಗೆ ಕಾರು ತಗೊಂಡು ಬರಕ್ಕೆ ಹೇಳು. ಮೊದಲು ದೇವರನ್ನ ಕಳಿಸ್ತೀನಿ. ಆಮೇಲೆ ನಾನು. ಹಲಗೇನೂ ತರ್ತೀನಿ, ಅವನು ತಿರುಗಿ ಬಂದಾಗ ನಿನ್ನ ಮನೇಲಿ ಇಳೀಲಿ."

ಮೀತ್ ಚೀಲದ ಮುಂದೆ ನಿಂತು ಕೇಳಿದಳು, "ಅಜ್ಜಿ ನನ್ನಿಂದ ಹೋಗ್ತಿರೋದಾ ತಾತ?"

"ಇಲ್ಲ ಮಗಾ. ಅಜ್ಜಿ ಬೆಂಕಿ ಹಿಂದೆ ಹೋಗ್ತಿದಾಳೆ."

"ನಾನು ಕೆಮ್ಮದೇ ಇದ್ರೆ ಬೆಂಕಿ ಇರ್ತಿತ್ತಲ್ವಾ?"

ಅವಳ ತಲೆ ಸವರಿದೆ. ಕೂದಲು ಈಗಲೂ ನೆಟ್ಟಗೇ ನಿಲ್ಲುತ್ತದೆ.

ಶುಕ್ರವಾರ ಬೆಳಗ್ಗೆ ಥಾಮ್ ಒಂದು ಮೂಟೆ ಶುಂಠಿ, ಒಂದು ಮೂಟೆ ಈರುಳ್ಳಿ ತರಿಸಿ ಸುಡಲು ಕೂತಳು. ಮನೆಯ ಕಿಟಕಿ ಬಾಗಿಲೆಲ್ಲ ತೆರೆದು, ಮೀತ್‌ಳನ್ನು ಶಾಲೆಗೆ ಕಳಿಸಿ, ಬೆವರು ಒರೆಸಿಕೊಳ್ಳುತ್ತ ಸುಟ್ಟಳು. ಸುಟ್ಟದ್ದನ್ನು ಕೆರೆದು ಪೊಟ್ಟಣ ಕಟ್ಟಿ ಫ್ರೀಜರಿನಲ್ಲಿ ಜೋಡಿಸಿದಳು.

"ವರ್ಷಕ್ಕಾಗುವಷ್ಟಿದೆಯಲ್ಲಮ್ಮಾ," ಎಂದಳು ಲಿಯೂ. "ನೀವು ಹೋಗೋದಾದ್ರೆ ಇದು ಯಾರಿಗೆ?"

"ಹುಡುಗೀಗೆ ಸಾರು ಬೇಡ್ವಾ? ಹಸಿ ಶುಂಠಿ ಹಾಕಿ ಕೊಡ್ತೀಯಾ ಅದಕ್ಕೆ?"

ಹತ್ತು ಗಂಟೆಗೆ ಕೊಳಾಯಿಯವನು ಬಂದು ಒಲೆ ಬಿಚ್ಚಬೇಕೆಂದ. ಥಾಮ್ ಅವನನ್ನು ಕೈಯಿಂದಲೇ ನಿಲ್ಲಿಸಿದಳು. ಮುಂಗೈ ಒರೆಸಿಕೊಂಡು ಗುಂಡಿಯನ್ನು ತಾನೇ ತಿರುಗಿಸಿದಳು. ನೀಲಿ ಹೂವು ಸಣ್ಣಗಾಯಿತು. ಇನ್ನೂ ಸಣ್ಣಗಾಯಿತು. ಒಂದು ಗುಬ್ಬಿಯ ರೆಕ್ಕೆ ಬಡಿದಷ್ಟು ಸದ್ದು ಮಾಡಿ ಹೋಯಿತು. ಆ ಅಡುಗೆಮನೆಯಲ್ಲಿ ಯಾವಾಗಲೂ ಒಂದು ಹಿಸ್ಸೆನ್ನುವ ದನಿ ಇತ್ತೆಂದು ಅದು ನಿಂತ ಮೇಲೆ ನನಗೆ ತಿಳಿಯಿತು.

ಹೊರಗೆ ಇಬ್ಬರು ಬೀದಿಯ ಹುಲ್ಲನ್ನು ಅಗೆಯುತ್ತಿದ್ದರು. ನಾನು ಹೋಗಿ ನಿಂತೆ. ಮೊಣಕಾಲಿನಷ್ಟು ಆಳದಲ್ಲಿ ಹಳದಿ ಪೈಪು, ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ. ಅದನ್ನು ಹಿಸುಕಿ, ಕತ್ತರಿಸಿ, ತುದಿಗೆ ಮುಚ್ಚಳ ಬಿಗಿದರು. ಅದು ಎಲ್ಲಿಂದ ಬರುತ್ತದೆ ಎಂದು ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಕೇಳಿದೆ. ಸಮುದ್ರದ ತಳದಿಂದ ಎಂದ ಅವರಲ್ಲಿ ವಯಸ್ಸಾದವನು. ಮನುಷ್ಯರು ಹುಟ್ಟುವುದಕ್ಕೂ ಎಷ್ಟೋ ಮುಂಚೆ ಸತ್ತು ಹೂತುಹೋದ ಗಿಡಮರಗಳ ಉಸಿರಂತೆ ಅದು. ಅಷ್ಟು ದೂರದಿಂದ, ಅಷ್ಟು ಹಿಂದಿನಿಂದ, ಇಷ್ಟು ಸಣ್ಣ ಪೈಪಿನಲ್ಲಿ ಬಂದು ನಮ್ಮ ಅನ್ನ ಬೇಯಿಸಿತ್ತು. ನಾನು ಟೋಪಿ ತೆಗೆದೆ. ಅವನು ನನ್ನನ್ನು ನೋಡಿ ಮಣ್ಣು ಮುಚ್ಚಿದ.

ಮೀಟರ್ ಕಿತ್ತ ಜಾಗದಲ್ಲಿ ಗೋಡೆಯ ಇಟ್ಟಿಗೆ ಹೊಸದರಂತೆ ಕೆಂಪಗಿತ್ತು.

ಕಪ್ಪು ಗಾಜಿನ ಒಲೆ ಕೂತ ಮೇಲೆ ನಾಲ್ಕು ದಿನ ಅಡುಗೆ ಮಾಡಿದವಳು ಲಿಯೂ. ಥಾಮ್ ತರಕಾರಿ ಹೆಚ್ಚಿಕೊಟ್ಟು, ಬೆನ್ನು ತಿರುಗಿಸಿ ಕೂರುತ್ತಿದ್ದಳು. ಅನ್ನ ಬಡಿಸಿದರೆ ಉಣ್ಣುತ್ತಿದ್ದಳು. ಹೇಗಿದೆ ಎಂದು ಕೇಳಿದರೆ "ಬೆಂದಿದೆ" ಎನ್ನುತ್ತಿದ್ದಳು.

ಇಪ್ಪತ್ಮೂರನೇ ದಿನ ಬೆಳಗಿನಿಂದಲೇ ಬಡಗಣ ಗಾಳಿ. ಒಣಭೂಮಿಯ ಕಡೆಯಿಂದ ಬರುವ ಗಾಳಿ, ಮುಖಕ್ಕೆ ಬಿದ್ದರೆ ಬಾಣಲೆಯ ಮೇಲೆ ಬಗ್ಗಿದ ಹಾಗಿರುತ್ತದೆ. ಊರಿನಲ್ಲಿ ಎಲ್ಲೂ ಹೊರಗೆ ಕಿಡಿ ಹಚ್ಚಬಾರದೆಂದು ರೇಡಿಯೋದಲ್ಲಿ ಹೇಳುತ್ತಲೇ ಇದ್ದರು. ಎಲ್ಲ ಕಿಟಕಿ ಮುಚ್ಚಿ, ಚಳಿಯಲ್ಲಿ ಶಾಖ ತರುತ್ತಿದ್ದ ಅದೇ ಪೆಟ್ಟಿಗೆಯಿಂದ ತಂಪು ಮಾಡಿಕೊಂಡು ಕೂತಿದ್ದೆವು.

ಸಂಜೆ ಏಳಕ್ಕೆ, ಬಿಸಿಲು ಇನ್ನೂ ಗೋಡೆಯ ಮೇಲಿರುವಾಗಲೇ, ಥಾಮ್ ಮಿಂದು ಬಂದಳು. ಕೆಂಪು ಹಲಗೆಯ ಮೇಲೆ ಎಳ್ಳು ಶೇಂಗಾದ ಚಿಕ್ಕಿ ಇಟ್ಟಳು. ಅದು ದೇವರ ಬಾಯಿ ಸಿಹಿಯಾಗಲಿ, ಮೇಲೆ ಹೋಗಿ ಕಹಿ ಮಾತು ಆಡದಿರಲಿ ಎಂದು. ಹಣ್ಣು ಇಟ್ಟಳು, ಮೂರು ಬಟ್ಟಲು ನೀರು ಇಟ್ಟಳು. ಹೆಸರುಬೇಳೆಯ ಪಾಯಸಕ್ಕೆ ಎಲ್ಲವನ್ನೂ ಸ್ಟೀಲಿನ ಪಾತ್ರೆಯಲ್ಲಿ ಹಾಕಿಟ್ಟಿದ್ದಳು. ಚೆಕ್ಸ್ ಚೀಲ ಬೀದಿಬಾಗಿಲ ಹತ್ತಿರ ಬಂದಿತ್ತು.

ಕಾಗದದ ಕುದುರೆಯನ್ನು ಕೈಲಿ ಹಿಡಿದು ನಿಂತಳು. ಇನ್ನೊಂದು ಕೈಯಲ್ಲಿ ಊದುಬತ್ತಿ ಹಚ್ಚುವ ಲೈಟರ್.

"ಸಿಂಕಿನಲ್ಲಿ ಹಚ್ಚಿಬಿಡಮ್ಮಾ," ಎಂದ ತ್ವಾನ್. "ಒಂದು ಕಾಗದ ತಾನೇ. ಎಷ್ಟು ಹೊಗೆ ಬಂದೀತು?"

ಥಾಮ್ ಮುಚ್ಚಿದ ಕಿಟಕಿಗಳ ಕಡೆ ನೋಡಿದಳು. ಮುಕ್ಕಾಲಿಯ ಮೇಲೆ ಕೂತಿದ್ದ ಮೀತ್ ಕಡೆ ನೋಡಿದಳು. ಹುಡುಗಿ ಆಗಲೇ ಅಂಗಿಯ ತೋಳನ್ನು ಬಾಯಿಯ ಹತ್ತಿರ ತಂದು ಸಿದ್ಧವಾಗಿ ಕೂತಿದ್ದಳು.

ಥಾಮ್ ಲೈಟರನ್ನು ಡ್ರಾಯರಿಗೆ ಹಾಕಿ ಮುಚ್ಚಿದಳು.

"ಅವನ ಒಲೆ ಇದೇ ಅಂತೀರಲ್ಲ," ಎಂದಳು. "ಇದೇ ಕಳಿಸ್ಲಿ."

ಕುದುರೆಯನ್ನು ಕಪ್ಪು ಗಾಜಿನ ಮೇಲೆ ಅಂಗಾತ ಹಾಸಿದಳು. ನಲವತ್ತು ವರ್ಷ ಉರಿಗೆ ಒಡ್ಡಿದ ಕೈ ಅದು, ಬೇರೆ ಏನು ಮಾಡೀತು? ತ್ವಾನ್ ತೋರಿಸಿದ್ದ ಕಡೆ ಬೆರಳಿಟ್ಟಳು. ಒಲೆ ಮೂರು ಸಲ ಕೀಂಗುಟ್ಟಿ ಆರಿತು. ಮತ್ತೆ ಒತ್ತಿದಳು. ಮತ್ತೆ ಆರಿತು.

ಯಾರೂ ನಗಲಿಲ್ಲ.

"ಅಜ್ಜಿ," ಎಂದಳು ಮೀತ್, "ಅದಕ್ಕೆ ಪಾತ್ರೆ ಬೇಕು. ಪಾತ್ರೆ ಇಲ್ದಿದ್ರೆ ಅದಕ್ಕೆ ಶಕ್ತಿ ಬರಲ್ಲ."

"ಪಾತ್ರೆ ಬೇಕಾ. ತಗೋ." ಥಾಮ್ ಪಾಯಸದ ಪಾತ್ರೆ ಎತ್ತಿ ಕುದುರೆಯ ಮೇಲೇ ಕೂರಿಸಿ ಬೆರಳು ಒತ್ತಿದಳು.

"ಅಮ್ಮಾ, ಕಾಗದ," ಎಂದು ಲಿಯೂ ಮುಂದೆ ಬಂದಳು.

"ಸುಡ್ಲಿ ಅಂತಾನೇ ಇಟ್ಟಿರೋದು. ಸುಟ್ಟ ತಕ್ಷಣ ಹುಡುಗೀನ ಹೊರಗೆ ಕರ್ಕೊಂಡು ಹೋಗು."

ನಾವೆಲ್ಲ ಹೊಗೆಗಾಗಿ ಕಾದೆವು. ಲಿಯೂ ಮಗಳ ಕೈ ಹಿಡಿದು ಬಾಗಿಲಿಗೆ ಹತ್ತಿರವಾಗಿ ನಿಂತಳು. ತ್ವಾನ್ ಒದ್ದೆ ಬಟ್ಟೆ ಹಿಡಿದುಕೊಂಡಿದ್ದ. ಪಾತ್ರೆಯ ತಳದ ಸುತ್ತ ಕುದುರೆಯ ಬಾಲ, ಕೊಕ್ಕರೆಯ ಒಂದು ರೆಕ್ಕೆ ಹೊರಗೆ ಇಣುಕುತ್ತಿದ್ದವು. 'ಗುಂ' ಎಂದು ಜೇನಿನಂಥ ಸದ್ದು. ಮೊದಲು ಅಂಚಿನಲ್ಲಿ ಸಣ್ಣ ಗುಳ್ಳೆ. ಆಮೇಲೆ ನಡುವೆ. ಆಮೇಲೆ ಪಾಯಸ ಪೂರ್ತಿ ಎದ್ದು ಕುದಿಯಿತು. ಏಲಕ್ಕಿಯಿಲ್ಲದ, ಪಾಂಡನ್ ಎಲೆ ಹಾಕಿದ ನಮ್ಮ ಪಾಯಸದ ವಾಸನೆ ಮನೆ ತುಂಬಿತು. ಆವಿ ಎದ್ದು ಕೆಂಪು ಹಲಗೆಯ ತನಕ ಹೋಗಿ, ದೇವರ ಮುಖದ ಮುಂದೆ ನಿಂತು, ಸೂರಿಗೆ ಏರಿತು. ಬಾಲ ಹಾಗೇ ಇತ್ತು. ರೆಕ್ಕೆ ಹಾಗೇ ಇತ್ತು.

ಬೇಳೆ ಬೆಂದಿತು. ಥಾಮ್ ಬಟ್ಟೆಯಿಂದ ಪಾತ್ರೆ ಹಿಡಿದು ಎತ್ತಿ ಪಕ್ಕಕ್ಕಿಟ್ಟಳು.

ಕಪ್ಪು ಗಾಜಿನ ಮೇಲೆ ಕುದುರೆ ಮಲಗಿತ್ತು. ನಾಲ್ಕು ಕಾಲೂ ಗಾಳಿಯಲ್ಲಿ, ಕೆಂಪು ಶಾಯಿ ಕೂಡ ಕದಡಿರಲಿಲ್ಲ.

ಅವಳು ಬಗ್ಗಿ ಎರಡು ಕೈಯಲ್ಲೂ ಅದನ್ನು ಎತ್ತಿಕೊಂಡಳು. ಕೆನ್ನೆಗೆ ಒತ್ತಿಕೊಂಡಳು. "ಮೈ ಬೆಚ್ಚಗಿದೆ," ಎಂದಳು. ದೋಣಿಯ ಹಲಗೆ ಉರಿದದ್ದನ್ನು ನೋಡಿದವಳು, ನೀಲಿ ಹೂವಿಗೆ ಕೈಮುಗಿದವಳು. ಆ ಮುಖವನ್ನು ನಾನು ಇದಕ್ಕೆ ಮುಂಚೆ ಒಂದೇ ಸಲ ನೋಡಿದ್ದೆ, ಅದೂ ಇದೇ ಮೂಲೆಯಲ್ಲಿ. ಕಾಗದವನ್ನು ನನ್ನ ಕೈಗೆ ಕೊಟ್ಟಳು. ಈಗಷ್ಟೇ ಓಡಿ ಬಂದ ಪ್ರಾಣಿಯ ಮೈಯಷ್ಟು ಬಿಸಿ ಇತ್ತು.

"ಬೇಳೆ ಬೆಂತು, ಕುದುರೆ ಸುಡ್ಲಿಲ್ಲ," ಎಂದಳು. "ಏನ್ರೀ ಇದು?"

"ಗೊತ್ತಿಲ್ಲ ಕಣೇ," ಎಂದೆ.

ಮೀತ್ ಉತ್ತರ ಹೇಳಲು ಬಾಯಿ ತೆರೆದಳು. ಲಿಯೂ ಅವಳ ಭುಜ ಅದುಮಿದಳು.

"ಆದ್ರೆ ಅಮ್ಮಾ," ಎಂದ ತ್ವಾನ್, ಒದ್ದೆ ಬಟ್ಟೆ ಇನ್ನೂ ಕೈಯಲ್ಲೇ ಇತ್ತು, "ಕುದುರೆ ಇಲ್ಲೇ ಉಳೀತಲ್ಲ. ಅವನು ಹೇಗೆ ಹೋಗ್ತಾನೆ?"

"ಹೋದ. ಆವಿ ಹೋಗಿದ್ದು ನೋಡ್ಲಿಲ್ವಾ ನೀನು? ಹೊಗೆ ಇಲ್ದೆ ಹೋದ." ಅವಳು ಕುದುರೆಯನ್ನು ನೀಟಾಗಿ ನೇವರಿಸಿ ಕೆಂಪು ಹಲಗೆಯ ಮೇಲಿಟ್ಟು, ಹಾರಿಹೋಗದಂತೆ ಅದರ ಮೇಲೆ ಚಿಕ್ಕಿಯ ತುಂಡು ಇಟ್ಟಳು. "ಇಷ್ಟು ವರ್ಷ ಅವನ ಕುದುರೆ ಸುಟ್ಟು ಕಳಿಸ್ತಿದ್ವಿ. ಪಾಪ, ತಿರುಗಿ ಬರ್ವಾಗ ನಡ್ಕೊಂಡು ಬರ್ತಿದ್ನೋ ಏನೋ. ಈ ಸಲ ಕರ್ಕೊಂಡು ಬರಕ್ಕೆ ಕುದುರೆ ಇಲ್ಲೇ ಇದೆ."

ಮೀತ್ ಅಂಗಿಯ ತೋಳನ್ನು ಬಾಯಿಂದ ಇಳಿಸಿದಳು. "ಅಜ್ಜಿ, ಅವನು ಯಾವ ಮನೆಗೆ ಬರ್ತಾನೆ? ಇಲ್ಲಿಗಾ, ಸ್ಪ್ರಿಂಗ್‌ವೇಲಿಗಾ?"

ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದಾಯಿತು. ಕಿಯೆತ್ ಬಿಸಿಗಾಳಿಯ ಜೊತೆಗೇ ಒಳಗೆ ಬಂದ. ಬಾಗಿಲ ಹತ್ತಿರದ ಚೀಲವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, "ಹೊರಡೋಣ್ವಾ ದೊಡ್ಡಮ್ಮಾ? ಅಮ್ಮ ಕೋಣೆ ಗುಡಿಸಿಟ್ಟಿದಾಳೆ," ಎಂದ.

ಥಾಮ್ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಚೀಲ ಕೆಳಗಿಡೋ. ಬಂದವನು ಮೊದಲು ಪಾಯಸ ಕುಡಿ. ನನ್ನ ಕುದುರೆ ಇಲ್ಲಿದೆ, ನಾನೆಲ್ಲಿಗೆ ಬರ್ಲಿ?"

ಅವನಿಗೆ ಏನೂ ತಿಳಿಯಲಿಲ್ಲ. ಚೀಲ ಕೆಳಗಿಟ್ಟ. ಲಿಯೂ ಅದನ್ನು ಎತ್ತಿ ಒಳಗಿನ ಕೋಣೆಗೆ ತೆಗೆದುಕೊಂಡು ಹೋದಳು. ತಿರುಗಿ ಬಂದಾಗ ಅವಳ ಕಣ್ಣು ಕೆಂಪಾಗಿತ್ತು. ಥಾಮ್ ಅದನ್ನು ನೋಡಿಯೂ ನೋಡದವಳ ಹಾಗೆ, "ನಿಂತ್ಕೊಂಡು ಏನು ಮಾಡ್ತೀಯಾ, ಇದನ್ನ ಸಣ್ಣಗೆ ಮಾಡೋದು ಹೇಗೆ ತೋರ್ಸು ಬಾ," ಎಂದು ಗಾಜಿನ ಕಡೆ ಬೆರಳು ಮಾಡಿದಳು. ಇಬ್ಬರೂ ತಲೆ ತಗ್ಗಿಸಿ ಒಲೆಯ ಮುಂದೆ ನಿಂತರು.

ಎಲ್ಲರೂ ಬಟ್ಟಲು ಹಿಡಿದು ಕೂತೆವು. ಮೀತ್ ಎರಡು ಬಟ್ಟಲು ಕುಡಿದಳು. ಒಂದು ಸಲ ಕೆಮ್ಮಿದಳು. ಕೂತಲ್ಲೇ ಕೆಮ್ಮಿ, ಮತ್ತೆ ಬಟ್ಟಲಿಗೆ ಬಗ್ಗಿದಳು.

ಕಿಯೆತ್ ಅವನ ತಾಯಿಗೆ ಒಂದು ಡಬ್ಬಿ ಪಾಯಸ ಹಿಡಿದುಕೊಂಡು ಖಾಲಿ ಕಾರಿನಲ್ಲಿ ಹೋದ. ಅವನಿಗಿಂತ ಸ್ವಲ್ಪ ಮೊದಲು ಹೊರಟವನು ಒಲೆದೇವರು, ಕುದುರೆಯಿಲ್ಲದೆ, ಆವಿಯ ಹಿಂದೆ. ಅವತ್ತು ನಮ್ಮ ಮನೆಯಿಂದ ಹೋದವರು ಅವರಿಬ್ಬರೇ. ಹನ್ನೆರಡನೇ ತಿಂಗಳ ಇಪ್ಪತ್ಮೂರು, ಮಂಗಳವಾರ.